ಮಾವನ ಪದ್ಮಿನಿ, ಮಸ್ಕಿಯ ತಗಡು

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಓಣಿಯ ಜನವೆಲ್ಲ ಬಂದು ಮರುಗುತ್ತಾರೆ. ಕಾರು ಕೆಟ್ಟು ನಿಂತರೆ ಒಬ್ಬಿಬ್ಬರು ವಿಚಾರಿಸುತ್ತಾರೆ. ನಲವತ್ತು ವರ್ಷ ದಾಟಿದ ಕಾರಿನ ಮೈಯೆಲ್ಲ ಕೊಯ್ಸಿ ಹೊಸ ತಗಡು ಹಾಕಿಸುತ್ತೇನೆ ಎಂದು ಯಾರಾದರೂ ಹೊರಟರೆ, ಕೆಟ್ಟಿರುವುದು ಕಾರಲ್ಲ ಎಂದು ತೀರ್ಮಾನಿಸಿ ಅವನ ಹೆಂಡತಿಯ ಹತ್ತಿರ ಹೋಗಿ ಮರುಗುತ್ತಾರೆ. ನಮ್ಮ ಮನೆಯಲ್ಲಿ ಆ ಮರುಕದ ಚಹಾ ಖರ್ಚೇ ಬೇರೆ ಬರೆದಿಡಬೇಕಾಯಿತು.

ಗಾಡಿ 1983ರ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದಲ್ಲಿ ಹುಟ್ಟಿ, ಲಿಂಗಸುಗೂರಿನ ನಮ್ಮ ಮಾವನವರ ಅಂಗಳದಲ್ಲಿ ಬಾಳಿ, ಅವರು ತೀರಿಕೊಂಡ ಮೇಲೆ ಸಿಂಧನೂರಿಗೆ ಬಂತು. ಫಿಯಟ್ ಕಂಪನಿಯ ಪರವಾನಗಿಯ ಮೇಲೆ 1964ರಲ್ಲಿ ‘1100 ಡಿಲೈಟ್’ ಎಂದು ಶುರುವಾದ ಈ ಕಾರು, ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರಿಟ್ಟುಕೊಂಡಿತು. 1089 ಸಿಸಿ ಎಂಜಿನ್, ಸ್ಟೇರಿಂಗಿನ ಮಗ್ಗುಲಲ್ಲೇ ಕೈಗೇರು, ಮುಂದೆ ಮೂವರು ಒತ್ತಿಕೊಂಡು ಕೂಡಬಹುದಾದ ಉದ್ದ ಸೀಟು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದು, 20 ವರ್ಷದ ಆಯುಷ್ಯ ಮುಗಿಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಆ ಸುದ್ದಿಯನ್ನು ನಾನು ಮನೆಯಲ್ಲಿ ಗಂಟಲು ಕಟ್ಟಿಕೊಂಡು ಓದಿ ಹೇಳಿದೆ.

“ಮುಂಬೈದಾಗ ಮುಗಸ್ಯಾರಂದ್ರ ಸಿಂಧನೂರಾಗ ಮುಗಸಾಕ ಏನ್ ಅಡ್ಡಿ ಐತ್ರಿ?” ಅಂದಳು ಹೆಂಡತಿ.

ಆಕೆ ಹಾಗೆ ಅಂದಳೆಂದು ನಾನು ಹೂಂ ಅನ್ನುವಂತಿರಲಿಲ್ಲ. ಅಂದಿದ್ದರೆ ಮಾರನೆಯ ದಿನವೇ ಲಿಂಗಸುಗೂರಿನಿಂದ ಆಕೆಯ ಅಣ್ಣನ ಫೋನು ಬರುತ್ತಿತ್ತು. ಆ ಗಾಡಿಯ ಒಡೆತನದ ಕಾನೂನು ಸ್ವಲ್ಪ ಸೂಕ್ಷ್ಮದ್ದು. ಮದುವೆ-ಮುಂಜಿಗೆ ಹೋಗಿ ಜನ ಸುತ್ತುವರಿದು ನೋಡುವಾಗ ಅದು ‘ನಮ್ಮಪ್ಪನ ಗಾಡಿ’. ಮಸ್ಕಿ ದಾಟಿ ಬಿಸಿಲಲ್ಲಿ ಹೊಗೆ ಬಿಟ್ಟು ನಿಂತಾಗ ‘ನಿಮ್ಮ ಗಾಡಿ’. ಮಾರುವ ಮಾತು ಬಂದರೆ ಇಡೀ ತವರಿನ ಗಾಡಿ.

ತುಕ್ಕು ಹಿಡಿಯುವುದಕ್ಕೆ ನಮ್ಮ ಸೀಮೆಯೇನು ಸಮುದ್ರದ ದಂಡೆಯಲ್ಲ. ಆದರೆ ತುಂಗಭದ್ರೆಯ ಎಡದಂಡೆ ನಾಲೆ ಬಂದಮೇಲೆ ಇಲ್ಲಿ ನೆಲದಲ್ಲಿ ನೀರು ನಿಲ್ಲುವುದೂ, ಉಪ್ಪು ಮೇಲೇಳುವುದೂ ಶುರುವಾಯಿತು. ಭತ್ತ ಕೊಟ್ಟ ನಾಲೆಯೇ ಸವಳು-ಜವಳನ್ನೂ ಕೊಟ್ಟಿತು. ಗದ್ದೆಯ ಹಾದಿಯಲ್ಲಿ ಓಡಾಡಿದ ಗಾಡಿಯ ಹೊಟ್ಟೆಯಡಿ ಆ ಮಣ್ಣು ಅಂಟಿ ಕೂತರೆ ತಗಡು ಉಳಿಯುವುದಿಲ್ಲ. ಸಾಲದ್ದಕ್ಕೆ ನಾನು ಅದನ್ನು ನಿಲ್ಲಿಸುತ್ತಿದ್ದ ಜಾಗ ಮನೆಯ ಕೂಲರಿನ ಕೆಳಗೆ. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಕೂಲರು ಹಗಲೂರಾತ್ರಿ ತೊಟ್ಟಿಕ್ಕುತ್ತದೆ. ನಾವು ತಣ್ಣಗೆ ಮಲಗಿದ್ದಾಗ ಹೊರಗೆ ಪದ್ಮಿನಿ ಕರಗುತ್ತಿತ್ತು.

ಕರಗಿದ್ದು ಗೊತ್ತಾದದ್ದು ಶೇಂಗಾದಿಂದ. ಲಿಂಗಸುಗೂರಿನಿಂದ ಬರುವಾಗ ಆಕೆಯ ಅತ್ತಿಗೆ ಒಂದು ಚೀಲ ಬಿಡಿಸಿದ ಶೇಂಗಾ ಕೊಟ್ಟಿದ್ದರು. ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇಟ್ಟಿದ್ದೆ. ಮನೆಗೆ ಬಂದು ಬಾಗಿಲು ತೆಗೆದರೆ ಚೀಲ ಮಾತ್ರ ಇತ್ತು, ಅದರ ತಳ ಫ್ಲೋರಿನ ತುಕ್ಕಿಗೆ ಸಿಕ್ಕು ಹರಿದಿತ್ತು, ಫ್ಲೋರಿನಲ್ಲಿ ನನ್ನ ಅಂಗೈ ತೂರುವ ತೂತಿತ್ತು. ಕೂರಿಗೆ ಹೂಡಿದ ಹಾಗೆ ಹೆದ್ದಾರಿಯುದ್ದಕ್ಕೂ ಶೇಂಗಾ ಬಿತ್ತಿಕೊಂಡು ಬಂದಿದ್ದೆವು. ಹೆಂಡತಿ ತೂತನ್ನು ನೋಡಿದಳು, ನನ್ನನ್ನು ನೋಡಿದಳು. “ಮಳಿ ಚಲೋ ಆದ್ರ ಮುಂದಿನ ಸಲ ಅದ ಹಾದಿಗೆ ಹೋಗಿ ಕಿತ್ಕೊಂಡ್ ಬರೂಣ ತಗೋರಿ” ಅಂದಳು. ಅಷ್ಟೇ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹಣದ ಮಂಜೂರಾತಿಗೆ ನಾನು ಇತಿಹಾಸದ ಆಸರೆ ಹಿಡಿದೆ. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ 12,000 ರೂಪಾಯಿಯ ಫಿಯಟ್ ಕೊಂಡಿದ್ದು, ಕೈಯಲ್ಲಿ ಪೂರ್ತಿ ದುಡ್ಡಿಲ್ಲದೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ಸಾಲ ಮಾಡಿದ್ದು ಎಲ್ಲ ಹೇಳಿದೆ. ದೇಶದ ಪ್ರಧಾನಿಗೇ ಈ ಗಾಡಿಗಾಗಿ ಸಾಲ ಮಾಡುವುದು ಅವಮಾನವೆನಿಸಲಿಲ್ಲ ಎಂದು ಮುಗಿಸಿದೆ. ನನ್ನ ಮಾತಿನಲ್ಲಿ ಸ್ವಲ್ಪ ಕಂಪವೂ ಇತ್ತು.

“ಆ ಸಾಲ ತೀರಿಸಿದವರು ಯಾರ್ರಿ?”

“ಅವರು ತಾಷ್ಕೆಂಟಿನಾಗ ತೀರಿಕೊಂಡ್ರಲ್ಲ. ಆಮ್ಯಾಲ ಅವರ ಹೆಂಡತಿ ಲಲಿತಾ ಶಾಸ್ತ್ರಿ, ತಮಗ ಬರೋ ಪಿಂಚಣಿಯಾಗ...”

“ನನಗ ಪಿಂಚಣಿ ಇಲ್ಲ,” ಅಂದು ಒಳಗೆ ಹೋದಳು.

ಕಾನೂನಿನ ದಾರಿಯನ್ನೂ ಹಿಡಿದು ನೋಡಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದು ಬೇರೆ ನಿಯಮ ತಂದಿದೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ಓಣಿಯಲ್ಲಿ ನಮ್ಮ ಮರ್ಯಾದೆಯೇ ಬೇರೆಯಾಗುತ್ತದೆ ಎಂದೆ. ಮಗಳು ಮೊಬೈಲಿನಲ್ಲಿ ನಿಯಮ ತೆಗೆದು ಓದಿದಳು. ಗಾಡಿಗೆ 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ.

“ಐವತ್ತು ದಾಟಿದ್ದು ಈ ಮನ್ಯಾಗ ನೀವೊಬ್ಬರ. ಹಂಗಾದ್ರ ದಿನಾ ಸಂಜಿಗೆ ಗಾಂಧಿ ಸರ್ಕಲ್ ತನಕ ತಿರುಗಾಡೂದು ಬಂದ್ ಮಾಡ್ರಿ, ರೂಲ್ ಐತಂತ,” ಎಂಬ ಆದೇಶ ಹೊರಬಿತ್ತು. ಕಡೆಗೆ ಹಣ ಹೊರಟದ್ದು ಇತಿಹಾಸದಿಂದಲೂ ಅಲ್ಲ, ಕಾನೂನಿನಿಂದಲೂ ಅಲ್ಲ. ಸಾವಿತ್ರಕ್ಕನ ಮಗನ ಮದುವೆಗೆ ವರನನ್ನು ‘ಅಪ್ಪನ ಗಾಡಿಯಲ್ಲಿ’ ಕರೆತರುವುದೆಂದು ಲಿಂಗಸುಗೂರಿನಲ್ಲಿ ನಿರ್ಣಯವಾಯಿತು. ಸಾವಿತ್ರಕ್ಕ ಎಂದರೆ ಹೆಂಡತಿಯ ಅಕ್ಕ. ಹಣ ಹೊರಟಿತು. 75 ಕಿಲೋದ ಭತ್ತದ ಚೀಲಗಳ ಲೆಕ್ಕದಲ್ಲಿ ಎಷ್ಟು ಎಂಬುದನ್ನು ನನಗೆ ಊಟದ ಹೊತ್ತಿಗೊಮ್ಮೆ ತಿಳಿಸಲಾಗುತ್ತಿತ್ತು.

ಸಿಂಧನೂರಿನಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಟ್ರಾಲಿ ಕಟ್ಟುತ್ತಾರೆ, ಭತ್ತ ಕೊಯ್ಯುವ ಯಂತ್ರಕ್ಕೆ ಮರುಜೀವ ಕೊಡುತ್ತಾರೆ, ಕೆಸರುಗಾಲಿ ಮಾಡಿಕೊಡುತ್ತಾರೆ. ಆದರೆ ಅವರ ಕೈ ಪಳಗಿದ್ದು ದಪ್ಪ ತಗಡಿನ ಮೇಲೆ. ಮೊದಲು ತೋರಿಸಿದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, “14 ಗೇಜ್ ಹಾಕಿ ಎಳದ್ ಬಿಡೂಣ್ರಿ ಸರ್ರ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ” ಅಂದ. 14 ಗೇಜ್ ಎಂದರೆ ಎರಡು ಮಿಲಿಮೀಟರ್. ಪದ್ಮಿನಿಯ ಮೈ ತಗಡು ಅದರ ಅರ್ಧದಷ್ಟೂ ಇರುವುದಿಲ್ಲ. ಅವನ ಮಾತು ಕೇಳಿದ್ದರೆ ಆ 1089 ಸಿಸಿ ಎಂಜಿನ್ನಿಗೆ ಗಾಡಿ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕಾಗುತ್ತಿತ್ತು. ಇನ್ನೊಬ್ಬ, ಡಿಕ್ಕಿ ಕತ್ತರಿಸಿ ಹಿಂದೆ ಸಣ್ಣ ಟ್ರಾಲಿ ಮಾಡಿಕೊಡುವೆನೆಂದ. ಹೆಂಡತಿಗೆ ಈ ಯೋಜನೆ ಬಹಳ ಹಿಡಿಸಿತು.

ಕೊನೆಗೆ ಸಿಕ್ಕವರು ಮಸ್ಕಿಯ ಚಾಚಾ. ಮಸ್ಕಿ 150ಎ ಹೆದ್ದಾರಿಯ ಮೇಲೆ ನನ್ನ ಮನೆಗೂ ಆಕೆಯ ತವರಿಗೂ ಹೆಚ್ಚುಕಡಿಮೆ ನಡುವೆ ಇರುವುದರಿಂದ, ಎರಡೂ ಪಕ್ಷದವರು ಬಂದು ಮೇಲ್ವಿಚಾರಣೆ ಮಾಡುವುದಕ್ಕೆ ಅನುಕೂಲ. ಚಾಚಾ ಎಂಬತ್ತರ ದಶಕದಲ್ಲಿ ಅಂಬಾಸಡರ್, ಫಿಯಟ್ ಎರಡಕ್ಕೂ ಟಿಂಕರಿಂಗ್ ಮಾಡಿದವರು. ಗಾಡಿಯ ಮೈಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ, ಕಿವಿಗೊಟ್ಟು ಕೇಳಿ, “ಅಯಸ್ಕಾಂತ ಐತೇನ್ ಸರ್ರ?” ಅಂದರು. ನನ್ನ ಹೆಂಡತಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಹಂಪಿಯ ಕಲ್ಲಿನ ರಥವನ್ನು ಮಾರನೆಯ ದಿನ ಗೊತ್ತಾಗದಂತೆ ಕಿಸೆಗೆ ಹಾಕಿಕೊಂಡು ಬಂದೆ. ಬಾನೆಟ್ಟಿನ ಮೇಲೆ ರಥ ನಿಂತಿತು. ಬಾಗಿಲ ಮೇಲೆ ನಿಂತಿತು. ಹಿಂದಿನ ಮಡ್‌ಗಾರ್ಡಿಗೆ ಇಟ್ಟರೆ ಜಾರಿ ಬಿತ್ತು. ಅಲ್ಲಿದ್ದದ್ದು ಬರೀ ಪುಟ್ಟಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿಗೆ ಇಟ್ಟರೂ ಬಿತ್ತು. ಮೂರನೆಯ ಸಲ ಬಿದ್ದಾಗ ರಥದ ಗಾಲಿ ಮುರಿಯಿತು. ಅದರ ವಿಚಾರಣೆ ಇನ್ನೂ ಬಾಕಿ ಇದೆ.

ಚಾಚಾ ಪುಟ್ಟಿ ಕೆರೆಯತೊಡಗಿದರು. 1954ರಲ್ಲಿ ಬಿ.ಕೆ. ಥಾಪರ್ ಇದೇ ಮಸ್ಕಿಯಲ್ಲಿ ಉತ್ಖನನ ನಡೆಸಿ ತಾಮ್ರಶಿಲಾಯುಗದಿಂದ ಹಿಡಿದು ಒಂದರ ಮೇಲೊಂದು ಪದರ ಬಿಡಿಸಿದ್ದರು. ಚಾಚಾ ಕೈಯಲ್ಲೂ ಪದರ ಬಿಡಿಸಿಕೊಂಡವು: ಮೇಲೆ ಬಿಳಿ ಬಣ್ಣ, ಅದರಡಿ ಮಾವನವರ ಕಾಲದ ಕೆನೆಬಣ್ಣ, ಬೆರಳುದಪ್ಪ ಪುಟ್ಟಿ, ಪುಟ್ಟಿ ಒಳಗೆ ಕುಸಿಯದಿರಲೆಂದು ತುರುಕಿದ್ದ ಹಳೆಯ ಪೇಪರು, ಎಲ್ಲಕ್ಕಿಂತ ಕೆಳಗೆ ಬಿಳಿಗಾರ ಹಾಕಿ ಹಿತ್ತಾಳೆ ಕಡ್ಡಿಯಿಂದ ಬೆಸೆದ ಒಂದು ತೇಪೆ. ತೇಪೆಯ ಒಳಮೈಯಲ್ಲಿ ಎಣ್ಣೆ ಡಬ್ಬಿಯ ಚಿತ್ರ. ಹದಿನೈದು ಕಿಲೋದ ಡಬ್ಬಿ ಬಿಡಿಸಿ ಹೊಡೆದ ತಗಡು!

ನನಗಾದ ಆನಂದವನ್ನು ಏನೆಂದು ಹೇಳಲಿ. ಇಷ್ಟು ವರ್ಷ ‘ನಮ್ಮಪ್ಪ ಒಂದು ಗೀರು ಬೀಳದಂಗ ಇಟ್ಟಿದ್ದ, ನಿಮ್ಮ ಕೈಗೆ ಬಂತು ನೋಡ್ರಿ’ ಎಂಬ ಮಾತು ಕೇಳಿದವನಿಗೆ ಒಂದು ಸಾಕ್ಷ್ಯ ದೊರಕಿತ್ತು. ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡಾಗಲೂ ಇಷ್ಟು ಸಂತೋಷವಾಗಿರಲಿಕ್ಕಿಲ್ಲ. ತೇಪೆಯನ್ನು ಪೇಪರಿನಲ್ಲಿ ಸುತ್ತಿ ಸಿಂಧನೂರಿಗೆ ತಂದು, ಊಟದ ಹೊತ್ತು ನೋಡಿ, ತಟ್ಟೆಯ ಪಕ್ಕ ಇಟ್ಟೆ.

ಆಕೆ ತಿರುಗಿಸಿ ನೋಡಿದಳು. ಮುಖದಲ್ಲಿ ಏನೂ ಆಗಲಿಲ್ಲ. “ಇದು ನಮ್ಮ ಲಗ್ನದ ಎಣ್ಣಿ ಡಬ್ಬಿ,” ಅಂದಳು. “ನಿಮ್ಮ ಕಡಿಯವರು ಇನ್ನೂರು ಮಂದಿ ಬರ್ತೀವಿ ಅಂತ ಹೇಳಿ ಐನೂರು ಮಂದಿ ಬಂದಿದ್ರಲ್ಲ. ಬೂಂದಿ ಕರಿಯಾಕ ಮತ್ತ ಡಬ್ಬಿ ತರಿಸಿದ್ರು ಅಪ್ಪ. ಆ ವರ್ಷ ಗಾಡಿಗೆ ತಗಡು ಹಾಕಸಾಕ ರೊಕ್ಕ ಎಲ್ಲಿಂದ ಬರಬೇಕು?”

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಪುಂಡಿಪಲ್ಲೆ ಬಹಳ ರುಚಿಯಾಗಿದೆ ಎಂದೂ ಹೇಳಿದೆ. ತೇಪೆ ಈಗ ದೇವರ ಮಾಡದ ಹಿಂದೆ ಭದ್ರವಾಗಿದೆ. ಯಾವಾಗ ಬೇಕಾದರೂ ಹೊರಬರಬಹುದು.

ಇನ್ನು ಕೆಲಸದ ಮಾತು. ಲಾರಿ, ಜೀಪುಗಳಿಗೆ ಕೆಳಗೆ ಗಟ್ಟಿ ಚಾಸಿ ಇರುತ್ತದೆ, ಮೇಲೆ ಮೈ ಕೂರಿಸಿರುತ್ತಾರೆ. ಪದ್ಮಿನಿಗೆ ಹಾಗಲ್ಲ. ಮೈಯೇ ಚಾಸಿ. ಫ್ಲೋರು, ರನ್ನಿಂಗ್ ಬೋರ್ಡು, ಕಂಬ, ಮಾಡು ಎಲ್ಲ ಒಂದಕ್ಕೊಂದು ಕಾರ್ಖಾನೆಯಲ್ಲೇ ಚುಕ್ಕಿ ಚುಕ್ಕಿಯಾಗಿ ಸ್ಪಾಟ್ ವೆಲ್ಡಿಂಗ್ ಹೊಡೆದು ಕೂಡಿಸಿದ ಒಂದೇ ಪೆಟ್ಟಿಗೆ. ಅದರ ಭಾರ ಹೊರುವುದು ಬಾಗಿಲ ಕೆಳಗಿನ ಆ ಟೊಳ್ಳು ರನ್ನಿಂಗ್ ಬೋರ್ಡು. ತುಕ್ಕು ಹಿಡಿದಿದ್ದೂ ಅದಕ್ಕೇ. ಅದನ್ನು ಸುಮ್ಮನೆ ಕೊಯ್ದು ತೆಗೆದರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ, ಆಮೇಲೆ ಜನ್ಮದಲ್ಲಿ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಚಾಚಾ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿಸಿದರು. ಬಾಗಿಲು ತೆಗೆದು ಆ ಚೌಕಟ್ಟಿಗೆ ಅಡ್ಡಲಾಗಿ, ಓರೆಯಾಗಿ ಕಬ್ಬಿಣದ ಆಂಗಲ್ ಬೆಸೆದರು. ಬಳಿಕ ಹಳೆಯ ಸ್ಪಾಟುಗಳನ್ನು ಒಂದೊಂದಾಗಿ ಹುಡುಕಿ, ಮೇಲಿನ ತಗಡಿಗೆ ಮಾತ್ರ ತೂತಾಗುವಂತೆ ಡ್ರಿಲ್ ಹಾಕಿ ಬಿಡಿಸಿದರು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಲಿಲ್ಲ. ಹೊಸ ರನ್ನಿಂಗ್ ಬೋರ್ಡನ್ನು ಕ್ಲ್ಯಾಂಪ್ ಹಾಕಿ ಹಿಡಿದು, ಆಂಗಲ್ ಬಿಚ್ಚಿ, ಬಾಗಿಲು ತೂಗುಹಾಕಿ, ತೆಗೆದು ಮುಚ್ಚಿ, ಸಂದಿನಲ್ಲಿ ಮೇಲಿನಿಂದ ಕೆಳಗೆ ಬೀಡಿ ಹಾಯಿಸಿ ನೋಡುವರು. ಒಂದು ಕಡೆ ಬೀಡಿ ಸಲೀಸಾಗಿ ಹೋಗಿ ಇನ್ನೊಂದು ಕಡೆ ಸಿಕ್ಕಿಕೊಂಡರೆ ಮತ್ತೆ ಆಂಗಲ್, ಮತ್ತೆ ಜಾಕ್, ಮತ್ತೆ ಮೊದಲಿನಿಂದ. ಕೊನೆಯಲ್ಲಿ ಆ ಬೀಡಿಯನ್ನೇ ಹೊತ್ತಿಸುವರು. ಬೀಡಿ ಹೊತ್ತಿತು ಎಂದರೆ ಬಾಗಿಲು ಪಾಸಾಯಿತು ಎಂದು ನಾನು ಕಲಿತೆ.

ವಾರಗಟ್ಟಲೆ ಬೀಡಿ ಹೊತ್ತಲಿಲ್ಲ. ಮದುವೆ ಹತ್ತಿರ ಬಂತು. ಆ ಆಗಸ್ಟಿನಲ್ಲಿ, 2024ರ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಗಿದ್ದು ನಿಮಗೆ ನೆನಪಿರಬೇಕು. ನಮ್ಮ ಸೀಮೆಯಲ್ಲಿ ಯಾರಿಗೂ ಊಟ ರುಚಿಸಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿತು. ಟಿವಿಯಲ್ಲಿ ಅದನ್ನು ನೋಡಿ ಎಲ್ಲರೂ ಕೈಮುಗಿದೆವು. ಕೈ ಇಳಿಸುವ ಮೊದಲೇ ಹೆಂಡತಿ, “ಹೊಳಿ ಹರಿಯುವಾಗನ ಡ್ಯಾಮಿನ ಗೇಟ್ ಕುಂದ್ರಿಸಿದ್ರು. ಒಣ ನೆಲದಾಗ ನಿಂತ ಗಾಡಿಗೆ ಬಾಗಲ ಕುಂದ್ರಸಾಕ ನಿಮಗ ಆಗವಲ್ದು” ಅಂದಳು. ಮರುದಿನ ಚಾಚಾಗೆ ಇದನ್ನು ಮುಟ್ಟಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಅವರ ಗೇಟಿಗೆ ಮ್ಯಾಲ ಕೆಳಗ ಅಷ್ಟ ಐತಿ ಸರ್ರ. ನಮಗ ಒಳಗ ಹೊರಗ ಬ್ಯಾರೆ ಐತಿ” ಅಂದರು.

ತಗಡಿನ ಕಥೆ ಇನ್ನೂ ಉದ್ದ. ಫ್ಲೋರಿಗೆ 18 ಗೇಜ್, ಹೊರಮೈಗೆ 20 ಗೇಜ್, ಅದೂ ಸಿ.ಆರ್., ಅಂದರೆ ಕೋಲ್ಡ್ ರೋಲ್ಡ್, ಶೀಟೇ ಆಗಬೇಕೆಂದರು ಚಾಚಾ. ಖರ್ಚು ಉಳಿಸುವ ಯೋಚನೆಯಿಂದ ನಾನು ಹಳೆಯ ಕೂಲರಿನ ಡಬ್ಬಿಯನ್ನು ಹೊತ್ತೊಯ್ದೆ. ಚಾಚಾ ದೂರದಿಂದಲೇ ಕೈ ಅಡ್ಡ ಹಿಡಿದರು. ಕೂಲರಿನ ತಗಡಿಗೆ ಸತುವಿನ ಲೇಪವಿರುತ್ತದೆ, ಅದಕ್ಕೆ ಬೆಂಕಿ ತಗುಲಿದರೆ ಬಿಳಿ ಹೊಗೆ ಬರುತ್ತದೆ, ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಹಾಗಾದರೆ ಅಟ್ಟದ ಮೇಲಿನ ಟ್ರಂಕು? ಅದು ಆಕೆ ಮದುವೆಯಾಗಿ ಬರುವಾಗ ತಂದದ್ದು, ಒಳಗೆ ಕೌದಿಗಳು. ತಗಡು ತೀರ ತೆಳ್ಳಗೆ, ಬೆಂಕಿ ತೋರಿಸಿದರೆ ತೂತು ಬೀಳುತ್ತದೆ ಎಂದು ಚಾಚಾ ತಳ್ಳಿಹಾಕಿದರು. ಕೌದಿಗಳನ್ನು ಕೆಳಗಿಳಿಸಿ ಟ್ರಂಕು ಮಸ್ಕಿಗೆ ಹೋಗಿ ಬಂದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಲೇಖನ ಅಚ್ಚಾದರೆ ಗೊತ್ತಾಗುತ್ತದೆ.

ಕೊನೆಗೆ ಸಿ.ಆರ್. ಶೀಟೇ ಬಂತು. ತೆಳು ತಗಡನ್ನು ಉದ್ದಕ್ಕೂ ಒಂದೇ ಎಳೆಯಲ್ಲಿ ಬೆಸೆಯುತ್ತ ಹೋಗುವಂತಿಲ್ಲ. ಕಾವಿಗೆ ಉಬ್ಬಿ, ಆರಿದಾಗ ಕುಗ್ಗಿ, ನೀಟಾದ ಮಡ್‌ಗಾರ್ಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಗೇಣು ಬಿಟ್ಟು ಅಲ್ಲೊಂದು ಚುಕ್ಕಿ, ಪ್ರತಿ ಚುಕ್ಕಿಗೂ ಒದ್ದೆ ಬಟ್ಟೆ. ಆ ಒದ್ದೆ ಬಟ್ಟೆ ಹಿಡಿಯುವ ಕೆಲಸ ನನಗೆ ಬಂತು. ಮನೆಯಿಂದ ಹಳೆಯ ಧೋತರ ತಂದಿದ್ದೆ. ಚಾಚಾ ಚುಕ್ಕಿ ಇಟ್ಟು ಕಣ್ಣು ಕಾಯುವ ಕಪ್ಪು ಗಾಜು ಮೇಲೆತ್ತಿದ ಕೂಡಲೇ ನಾನು ಒತ್ತಬೇಕು, ಚುಸ್ ಎನ್ನಬೇಕು, ಹಿಂದೆ ಸರಿಯಬೇಕು. ಆಮೇಲೆ ಅವರ ಹುಡುಗ ಒಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುವನು. ಬಿ.ಎ. ಓದಿ, ಬ್ಯಾಂಕಿನಲ್ಲಿ ಕುರ್ಚಿ ಸವೆಸಿದ ನನ್ನ ಜೀವನದಲ್ಲಿ ಯಾರೂ ತಪ್ಪು ಹುಡುಕದ ಮೊದಲ ಕೆಲಸ ಅದು. ಭಾವನವರು ಲಿಂಗಸುಗೂರಿನಿಂದ ಮೇಲ್ವಿಚಾರಣೆಗೆ ಬಂದವರು ಐದು ನಿಮಿಷ ನೋಡಿ, “ಮಾಮಾ, ನಿಮಗ ಇಷ್ಟು ದಿನಾ ಸರಿಯಾದ ಕೆಲಸ ಸಿಕ್ಕಿರಲಿಲ್ಲ ನೋಡ್ರಿ” ಎಂದು ಹೊಗಳಿ, ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಧೋತರ ಸಹಿತ.

ಒಂದು ಜಾಗ ಮಾತ್ರ ಚಾಚಾ ಮುಟ್ಟಲಿಲ್ಲ. ಬಾನೆಟ್ಟಿನೊಳಗೆ ಚಾಸಿ ನಂಬರು ಇರುವ ಗೇಣುದ್ದದ ತಗಡಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, “ಇದರ ಮ್ಯಾಲ ಸುತ್ತಿಗಿ ಬಿದ್ರ ಗಾಡಿ ಗುಜರಿ, ನಾವಿಬ್ಬರೂ ಠಾಣೆಯಾಗ” ಅಂದರು. ಆರ್‌ಟಿಒ ಲೆಕ್ಕದಲ್ಲಿ ಗಾಡಿಯೆಂದರೆ ಆ ನಂಬರು. ಉಳಿದದ್ದನ್ನು ಎಷ್ಟು ಬದಲಿಸಿದರೂ ಅದೊಂದು ಉಳಿಯಬೇಕು. ಇದೇ ಊರಿನ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರು ಸಿಕ್ಕಿದ್ದರಿಂದಲ್ಲವೆ, ದೇಶದ ತುಂಬ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಬರೆಸಿದ್ದ ಅರಸ ಯಾರೆಂಬುದು ಖಾತ್ರಿಯಾದದ್ದು? ಹೆಂಡತಿ ಒಮ್ಮೆ ಮಸ್ಕಿಯಲ್ಲಿಳಿದು, ಕಳಚಿಟ್ಟ ಹಳೆಯ ತಗಡಿನ ರಾಶಿಯನ್ನೂ, ರೆಡ್ ಆಕ್ಸೈಡ್ ಬಳಿದುಕೊಂಡು ನಿಂತ ಹೊಸ ಮೈಯನ್ನೂ ನೋಡಿ, “ಇದರಾಗ ನಮ್ಮಪ್ಪಂದು ಏನ್ ಉಳೀತ್ರಿ?” ಎಂದು ಕೇಳಿದಳು. ನಾನು ಆ ಸೀಮೆಸುಣ್ಣದ ಗೆರೆ ತೋರಿಸಿದೆ. ಸೆರಗಿನ ತುದಿಯಿಂದ ನಂಬರನ್ನು ಒರೆಸಿ, “ಸಾಕು ಬಿಡ್ರಿ, ನಿಮ್ಮದೂ ಅಷ್ಟ ಉಳದೈತಿ” ಎಂದಳು.

ಮದುವೆಗೆ ಗಾಡಿ ಹೋಯಿತು. ವರ ಎಡಗಡೆಯಿಂದ ಇಳಿಯುವಂತೆ, ಫೋಟೋದವರು ಎಡಗಡೆಯೇ ನಿಲ್ಲುವಂತೆ, ನಾನು ಬಲಗಡೆ ಮೈ ಆನಿಸಿಕೊಂಡು ನಿಂತಿರುವಂತೆ ಏರ್ಪಾಡಾಗಿತ್ತು. ಕಾರಣ ಇಷ್ಟೇ. ಹಿಂದಿನ ಮಡ್‌ಗಾರ್ಡಿನ ಉಬ್ಬುತಗ್ಗು ಕೈಯಲ್ಲಿ ಮಾಡುವುದು ಕಷ್ಟವೆಂದು ಮುಂಬೈಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರಿಂದ ಎಡ-ಬಲ ಎರಡನ್ನೂ ಫೋನಿನಲ್ಲೇ ಮಾತಾಡಿ ತರಿಸಿದ್ದೆ. ನಾವು ಎಡ-ಬಲ ಹೇಳುವುದು ಡ್ರೈವರ್ ಸೀಟಿನಲ್ಲಿ ಕೂತು. ಅವರು ಒಂದನ್ನು ಕೂತು ಲೆಕ್ಕ ಹಾಕಿ, ಇನ್ನೊಂದನ್ನು ಗಾಡಿಯ ಎದುರಿಗೆ ನಿಂತು ಲೆಕ್ಕ ಹಾಕಿದರೆಂದು ಕಾಣುತ್ತದೆ. ಬಂದ ಎರಡೂ ಎಡಗಡೆಯವೇ. ಮದುವೆಯ ಮಟ್ಟಿಗೆ ಬಲಗಡೆಗೆ ಚಾಚಾ ತಾತ್ಕಾಲಿಕ ತೇಪೆ ಹಾಕಿಕೊಟ್ಟರು. ಯಾವ ಡಬ್ಬಿಯದೆಂದು ನಾನು ಕೇಳಲಿಲ್ಲ. ಹೆಚ್ಚಾಗಿ ಉಳಿದ ಮಡ್‌ಗಾರ್ಡು ಈಗ ನಮ್ಮ ಮಾಳಿಗೆಯ ಮೇಲೆ ಬೋರಲಾಗಿದೆ. ಮೇ ತಿಂಗಳ ಬಿಸಿಲಿಗೆ ಅದರ ಮೇಲೆ ಹಾಕಿದ ಸಂಡಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಇಡೀ ಯೋಜನೆಯಲ್ಲಿ ಮನೆಯವರು ಮೆಚ್ಚಿಕೊಂಡ ಏಕೈಕ ಬಿಡಿಭಾಗ ಅದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದಲ್ಲೋ, ದನದ ಕೊಟ್ಟಿಗೆಯಲ್ಲೋ, ಊರ ಗುಜರಿಯಲ್ಲೋ ಪದ್ಮಿನಿಯ ಬಲಗಡೆಯ ಹಿಂದಿನ ಮಡ್‌ಗಾರ್ಡ್ ಇದ್ದರೆ, ದಯವಿಟ್ಟು ಡ್ರೈವರ್ ಸೀಟಿನಲ್ಲಿ ಕೂತಂತೆ ಭಾವಿಸಿ ಇನ್ನೊಮ್ಮೆ ಖಚಿತಪಡಿಸಿಕೊಂಡು ತಿಳಿಸಿ. ಬದಲಿಗೆ ಎಡಗಡೆಯದನ್ನು ಕೊಡುತ್ತೇನೆ. ಸಂಡಿಗೆ ಹಂಗಾಮು ಮುಗಿದ ಮೇಲೆ ಒಯ್ಯಬಹುದೆಂದು ಮನೆಯವರು ಒಪ್ಪಿದ್ದಾರೆ. ಮೇಲೆ ಅರ್ಧ ಚೀಲ ಸೋನಾ ಮಸೂರಿ ಕೊಡುವುದಕ್ಕೂ ಒಪ್ಪಿದ್ದಾರೆ.